ಆಘಾತದ ನಂತರ ಆನ್‌ಲೈನ್ ಥೆರಪಿ: ಬೆಂಗಳೂರಿನಲ್ಲಿ ಎಲ್ಲಿಂದ ಶುರು ಮಾಡಬೇಕು, ಹೇಗೆ?

ನನಗೆ ಆದದ್ದು ದೊಡ್ಡ ಅಪಘಾತವೇನಲ್ಲ ಎಂದು ಎಲ್ಲರೂ ಹೇಳಿದರು. ಹೆಬ್ಬಾಳದ ಕಡೆಯಿಂದ ಸ್ಕೂಟರ್‌ನಲ್ಲಿ ಬರುತ್ತಿದ್ದೆ, ಹಿಂದಿನಿಂದ ಟೆಂಪೊ ಗುದ್ದಿತು. ಕಾಲರ್ ಬೋನ್ ಮುರಿಯಿತು, ಆರೇಳು ವಾರದಲ್ಲಿ ಕೂಡಿಕೊಂಡಿತು. "ದೇವರು ದೊಡ್ಡವನು, ತಲೆಗೆ ಏನೂ ಆಗಲಿಲ್ಲವಲ್ಲ" ಎಂದರು ನಮ್ಮತ್ತೆ. ನಿಜವೇ. ಆದರೆ ಕೈಯ ಪಟ್ಟಿ ಬಿಚ್ಚಿದ ಮೇಲೂ ಹಾರ್ನ್ ಕೇಳಿದರೆ ಮೈ ಬೆವರುತ್ತಿತ್ತು. ಕಣ್ಣು ಮುಚ್ಚಿದರೆ ಹೆಡ್‌ಲೈಟ್ ಬೆಳಕು. ಮಗನನ್ನು ಸ್ಕೂಲಿಗೆ ಬಿಡಲು ಗೇಟು ದಾಟುವುದೇ ಕಷ್ಟವಾಯಿತು.

ಒಂದು ಆ್ಯಪ್‌ನಲ್ಲಿ ಥೆರಪಿಸ್ಟ್ ಒಬ್ಬರನ್ನು ಬುಕ್ ಮಾಡಿದೆ. ಮೊದಲ ದಿನವೇ "ನಡೆದದ್ದನ್ನು ಶುರುವಿಂದ ಕೊನೆಯವರೆಗೆ ಹೇಳಿ" ಎಂದರು, ಅದೂ ಇಂಗ್ಲಿಷಿನಲ್ಲಿ. ಹೇಳಿದೆ. 50 ನಿಮಿಷ ಆಯಿತು, ಕಾಲ್ ಮುಗಿಯಿತು. ಖಾಲಿ ಸ್ಕ್ರೀನ್ ಮುಂದೆ ನಡುಗುತ್ತಾ ಕೂತಿದ್ದೆ. ಮುಂದಿನ ಮೂರು ರಾತ್ರಿ ನಿದ್ದೆ ಇಲ್ಲ. ಇದರ ಸಹವಾಸವೇ ಬೇಡ ಅನ್ನಿಸಿತು. ಎರಡು ತಿಂಗಳಾದ ಮೇಲೆ, ಗೆಳತಿಯ ಒತ್ತಾಯಕ್ಕೆ, ಕನ್ನಡ ಮಾತಾಡುವ ಇನ್ನೊಬ್ಬರ ಜೊತೆ ಕೂತೆ. ಅವರು ಅಪಘಾತದ ವಿಷಯವನ್ನೇ ಎತ್ತಲಿಲ್ಲ. "ರಾತ್ರಿ ಊಟ ಮಾಡಿದ್ರಾ? ಎಷ್ಟು ಹೊತ್ತಿಗೆ ಮಲಗಿದ್ರಿ? ಈಗ ಮನೇಲಿ ಜೊತೆಗೆ ಯಾರಿದ್ದಾರೆ?" ಎಂದು ಕೇಳಿದರು. ಅಲ್ಲಿಂದ ನನ್ನ ಚೇತರಿಕೆ ಶುರುವಾಯಿತು.

ಎರಡೂ ಥೆರಪಿಯೇ, ಎರಡೂ ಆನ್‌ಲೈನೇ. ವ್ಯತ್ಯಾಸ ಇದ್ದದ್ದು ಕ್ರಮದಲ್ಲಿ. ಮೊದಲು ಕಾಲ ಕೆಳಗೆ ನೆಲ ಸಿಗಬೇಕು, ಆಮೇಲೆ ನೆನಪಿನ ಕೆಲಸ. ಇದು ಮೊದಲೇ ಗೊತ್ತಿದ್ದರೆ ನನ್ನ ಎರಡು ತಿಂಗಳು ಉಳಿಯುತ್ತಿತ್ತು. ನಾನು ಡಾಕ್ಟರಲ್ಲ. ಆದರೆ ಈ ದಾರಿಯಲ್ಲಿ ನಡೆದಿದ್ದೇನೆ, ಆಮೇಲೆ ನಾಲ್ಕೈದು ಜನರ ಕೈ ಹಿಡಿದು ನಡೆಸಿದ್ದೇನೆ. ಕಲಿತದ್ದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು: ಇವತ್ತೇ ಅಪಾಯವಿದ್ದರೆ

ಸಾಯಬೇಕು ಅನ್ನುವ ಯೋಚನೆ ಬರುತ್ತಿದ್ದರೆ, ಬೇರೆಯವರಿಂದ ಈಗಲೂ ಅಪಾಯವಿದ್ದರೆ, ಥೆರಪಿಸ್ಟ್ ಹುಡುಕುತ್ತಾ ಕೂರಬೇಡಿ. ಪೊಲೀಸ್ ಅಥವಾ ಯಾವುದೇ ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108. ಮನಸ್ಸಿನ ಸಂಕಟಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ 14416. ಮಹಿಳೆಯರಿಗೆ 181, ಮಕ್ಕಳಿಗೆ 1098. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತುರ್ತು ವಿಭಾಗ 24 ಗಂಟೆಯೂ ತೆರೆದಿರುತ್ತದೆ. ಒಬ್ಬರೇ ಹೋಗಬೇಡಿ, ಪಕ್ಕದ ಮನೆಯವರನ್ನಾದರೂ ಕರೆದುಕೊಂಡು ಹೋಗಿ.

ಇನ್ನೊಂದು ಮಾತು. ರಸ್ತೆ ಅಪಘಾತವಾಗಿದ್ದರೆ, ಬಿದ್ದಿದ್ದರೆ, ಹೊಡೆತ ತಿಂದಿದ್ದರೆ, ತಲೆಗೆ ಪೆಟ್ಟಾಗಿದೆಯೇ ಎಂದು ಮೊದಲು ಡಾಕ್ಟರ ಹತ್ತಿರ ತೋರಿಸಿ. ತಲೆನೋವು, ಮರೆವು, ಸಿಡುಕು, ನಿದ್ದೆಗೆಡುವುದು, ಇವೆಲ್ಲ ಮನಸ್ಸಿನ ಆಘಾತದಿಂದಲೂ ಬರುತ್ತವೆ, ಮಿದುಳಿಗೆ ಬಿದ್ದ ಪೆಟ್ಟಿನಿಂದಲೂ ಬರುತ್ತವೆ. ವಿಡಿಯೋ ಕಾಲ್‌ನಲ್ಲಿ ಇದನ್ನು ಯಾರೂ ಬೇರ್ಪಡಿಸಿ ಹೇಳಲಾರರು.

ಹೆಜ್ಜೆ 1: ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಿ

ಇದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಯಾವ ನೆರವು ಬೇಕು ಎಂಬುದು ಬಹುಮಟ್ಟಿಗೆ ಇದರ ಮೇಲೇ ನಿಂತಿದೆ.

ಮೊದಲ ಕೆಲವು ದಿನ, ವಾರಗಳಲ್ಲಿ ಬೆಚ್ಚಿ ಬೀಳುವುದು, ಕೆಟ್ಟ ಕನಸು, ಎದೆ ಡವಗುಟ್ಟುವುದು, ಊಟ ಸೇರದಿರುವುದು, ಎಲ್ಲ ಮಂಜು ಮಂಜಾಗಿ ಕಾಣುವುದು, ಇದೆಲ್ಲ ಸಹಜ. ಜೀವ ಉಳಿಸಿಕೊಳ್ಳಲು ದೇಹ ಹೊತ್ತಿಸಿದ ದೀಪ ಇನ್ನೂ ಆರಿಲ್ಲ ಅಷ್ಟೇ. ಹೆಚ್ಚಿನವರಿಗೆ ವಾರಗಳು ಕಳೆದಂತೆ ಇದು ತಾನಾಗಿ ಇಳಿಯುತ್ತದೆ. ಮೂರು ದಿನದಿಂದ ಒಂದು ತಿಂಗಳ ಒಳಗೆ ಲಕ್ಷಣಗಳು ತೀವ್ರವಾಗಿದ್ದು, ದಿನದ ಕೆಲಸಕ್ಕೆ ಅಡ್ಡಿಯಾದರೆ ಅದನ್ನು ತೀವ್ರ ಒತ್ತಡದ ತೊಂದರೆ ಎನ್ನುತ್ತಾರೆ. ತಿಂಗಳು ದಾಟಿದರೂ ಬಿಡದಿದ್ದರೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಉಳಿದುಬಿಡುವ ಒತ್ತಡದ ಕಾಯಿಲೆ, ಇರಬಹುದೇ ಎಂದು ತಜ್ಞರು ನೋಡುತ್ತಾರೆ.

ಈ ಮೊದಲ ತಿಂಗಳಲ್ಲಿ ನಿಮಗೆ ಬೇಕಾದದ್ದು ಸುರಕ್ಷಿತ ಜಾಗ, ನಿದ್ದೆ, ಊಟ, ಜೊತೆಗೆ ಜನ. ಘಟನೆಯನ್ನು ಎಳೆ ಎಳೆಯಾಗಿ ಬಿಚ್ಚಿ ಹೇಳಿಸುವ ಒಂದೇ ಕೂಟದ 'ಡಿಬ್ರೀಫಿಂಗ್' ಮಾಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆಫೀಸಿನಲ್ಲೋ ಕಾಲೇಜಿನಲ್ಲೋ ದುರ್ಘಟನೆಯಾದ ಮರುದಿನ ಎಲ್ಲರನ್ನೂ ಕೂರಿಸಿ "ಒಬ್ಬೊಬ್ಬರಾಗಿ ಹೇಳಿಬಿಡಿ, ಹಗುರವಾಗುತ್ತೆ" ಎನ್ನುವ ಅಭ್ಯಾಸ ಇದೆ. ನಿಮಗೆ ಇಷ್ಟವಿಲ್ಲದಿದ್ದರೆ ಎದ್ದು ಬನ್ನಿ. ಮಾತಾಡಬೇಕು ಅನ್ನಿಸಿದರೆ ಮಾತಾಡಿ, ಅದು ಬೇರೆ ವಿಷಯ. ಬಲವಂತ ಇರಬಾರದು.

ನಿದ್ದೆ ಮಾತ್ರೆಯ ಬಗ್ಗೆಯೂ ಹೇಳಿಬಿಡುತ್ತೇನೆ. ಪರಿಚಯದ ಮೆಡಿಕಲ್ ಶಾಪಿನಿಂದ ತಂದು ನುಂಗುವವರು ಜಾಸ್ತಿ. ಆಘಾತದ ಮೊದಲ ತಿಂಗಳಲ್ಲಿ ಬೆಂಜೊಡಯಜೆಪೀನ್ ಗುಂಪಿನ ಮಾತ್ರೆಗಳನ್ನು ಈ ಲಕ್ಷಣಗಳಿಗೆ ಕೊಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಸಲಹೆ ಕೊಟ್ಟಿದೆ. ಮನೋವೈದ್ಯರನ್ನು ಕೇಳದೆ ಶುರು ಮಾಡಬೇಡಿ. ಈಗಾಗಲೇ ತಿನ್ನುತ್ತಿದ್ದರೆ ಕೇಳದೆ ನಿಲ್ಲಿಸಲೂ ಬೇಡಿ.

ಟಿವಿ, ಮೊಬೈಲ್ ವಿಡಿಯೋಗಳನ್ನೂ ದೂರ ಇಡಿ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತವಾಗಿ 11 ಜನ ತೀರಿಕೊಂಡರು. ಅಲ್ಲಿಂದ ಬದುಕಿ ಬಂದವರ ಫೋನಿಗೆ ಅದೇ ದೃಶ್ಯಗಳು ಮತ್ತೆ ಮತ್ತೆ ಬಂದು ಬೀಳುತ್ತಿದ್ದವು. ಫ್ಯಾಮಿಲಿ ಗ್ರೂಪುಗಳನ್ನು ಒಂದು ತಿಂಗಳು ಮ್ಯೂಟ್ ಮಾಡಿ. ಯಾರೂ ತಪ್ಪು ತಿಳಿಯುವುದಿಲ್ಲ, ತಿಳಿದರೂ ಪರವಾಗಿಲ್ಲ.

ಹೆಜ್ಜೆ 2: ಆನ್‌ಲೈನ್ ನಿಮಗೆ ಹೊಂದುತ್ತದೆಯೇ ನೋಡಿ

ವಿಡಿಯೋದಲ್ಲಿ ನಡೆಯುವ ಆಘಾತದ ಥೆರಪಿ, ಎದುರು ಕೂತು ಮಾಡುವಷ್ಟೇ ಫಲ ಕೊಡಬಲ್ಲದು ಎಂಬುದು ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದ ಅಧ್ಯಯನಗಳಲ್ಲಿ ಕಂಡಿದೆ. ಹಾಗಾಗಿ ಇದು ಎರಡನೇ ದರ್ಜೆಯ ಚಿಕಿತ್ಸೆ ಎಂಬ ಅನುಮಾನ ಬೇಡ. ಯಲಹಂಕದಿಂದ ಜಯನಗರಕ್ಕೆ ಒಂದೂವರೆ ಗಂಟೆ ಟ್ರಾಫಿಕ್‌ನಲ್ಲಿ ನರಳಿ, 50 ನಿಮಿಷ ಮಾತಾಡಿ, ಮತ್ತೆ ಅಷ್ಟೇ ಹೊತ್ತು ವಾಪಸ್ ಬರುವ ಶಕ್ತಿ ಆ ಹೊತ್ತಿನಲ್ಲಿ ಯಾರಿಗಿರುತ್ತದೆ ಹೇಳಿ?

ಆದರೂ ಕೆಲವರಿಗೆ ನೇರ ಭೇಟಿಯೇ ಸರಿ. ಹೊಡೆಯುವ ವ್ಯಕ್ತಿ ಅದೇ ಮನೆಯಲ್ಲಿದ್ದರೆ ವಿಡಿಯೋ ಕಾಲ್ ಅಪಾಯ ತರಬಹುದು. ಅಂಥವರು 181ಕ್ಕೆ ಕರೆ ಮಾಡಿ, ಹಿಂಸೆಗೊಳಗಾದ ಹೆಂಗಸರಿಗೆ ನೆರವಾಗುವ ಸರ್ಕಾರಿ ಕೇಂದ್ರವಾದ ಸಖಿ ಒನ್ ಸ್ಟಾಪ್ ಸೆಂಟರ್ ಎಲ್ಲಿದೆ ಎಂದು ಕೇಳಿ ಹೋಗುವುದು ಮೇಲು. ಇಲ್ಲದ ಧ್ವನಿ ಕೇಳಿಸುತ್ತಿದ್ದರೆ, ಕುಡಿತ ಕೈಮೀರಿದ್ದರೆ, ಸಾಯುವ ಯೋಚನೆ ಗಟ್ಟಿಯಾಗಿದ್ದರೆ, ಆಗಾಗ ಎಲ್ಲಿದ್ದೇನೆ ಎಂಬ ಪರಿವೆಯೇ ತಪ್ಪುತ್ತಿದ್ದರೆ ಆಸ್ಪತ್ರೆಗೆ ಹೋಗಿ. ಚಿಕ್ಕ ಮಕ್ಕಳಿಗೂ ಆಟ, ಚಿತ್ರದ ಮೂಲಕ ಎದುರು ಕೂತು ಮಾಡುವ ಕೆಲಸ ಹೆಚ್ಚು ಹಿಡಿಸುತ್ತದೆ.

ಹೆಜ್ಜೆ 3: ದುಡ್ಡು ಬೇಡದ ಬಾಗಿಲನ್ನು ಮೊದಲು ತಟ್ಟಿ

14416 ಅಂದೆನಲ್ಲ, ಅದು ಟೆಲಿ ಮಾನಸ್. 1800 891 4416 ಕೂಡ ಅದೇ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಇದನ್ನು ಶುರು ಮಾಡಿತು. ದೇಶಕ್ಕೆಲ್ಲ ಇದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ತಾಂತ್ರಿಕ ಬೆಂಬಲ ಕೊಟ್ಟಿರುವುದೂ ಬೆಂಗಳೂರಿನ ಐಐಐಟಿಯೇ. ಕರೆ ಮಾಡಿ ಕನ್ನಡ ಆರಿಸಿಕೊಂಡರೆ ತರಬೇತಿ ಪಡೆದ ಆಪ್ತಸಮಾಲೋಚಕರು ಸಿಗುತ್ತಾರೆ. ಬೇಕೆನಿಸಿದರೆ ಮೇಲಿನ ತಜ್ಞರಿಗೆ ದಾಟಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಇದರ ಆ್ಯಪ್ ಬಂತು. ವಿಡಿಯೋ ಸಮಾಲೋಚನೆ ಮೊದಲು ಶುರುವಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ಒಂದೇ ಥೆರಪಿಸ್ಟ್ ಜೊತೆ ವಾರಕ್ಕೊಮ್ಮೆ, ಮೂರು ತಿಂಗಳು ಕೂರುವ ಕೆಲಸಕ್ಕೆ ಸಹಾಯವಾಣಿ ಸಾಕಾಗದು. ಆದರೆ ಮೊದಲ ವಾರಗಳಿಗೆ ಇದಕ್ಕಿಂತ ಒಳ್ಳೆಯದು ಕಡಿಮೆ. "ನನಗೆ ನೇರವಾಗಿ ಯಾರನ್ನು ನೋಡಬಹುದು?" ಎಂದು ಅವರನ್ನೇ ಕೇಳಿ. ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನ ಯೋಗಕ್ಷೇಮ ಕೇಂದ್ರ ಇದೆ. ದೊಡ್ಡ ಆಸ್ಪತ್ರೆಯ ಗೇಟಿನೊಳಗೆ ಹೋಗಲು ಹಿಂಜರಿಯುವವರಿಗೆ ಅದು ಹಿತ. ನಿಮ್ಹಾನ್ಸ್ ಅಂದ ಕೂಡಲೇ ಮುಖ ಸಣ್ಣ ಮಾಡುವವರು ಇನ್ನೂ ಇದ್ದಾರೆ. ಅದೇ ಗೇಟಿನಲ್ಲಿ ತಲೆಗೆ ಪೆಟ್ಟಾದವರೂ ಪಾರ್ಶ್ವವಾಯುವಿನವರೂ ಒಳಗೆ ಹೋಗುತ್ತಾರೆ ಎಂದು ಅವರಿಗೆ ನೆನಪಿಸಿ.

ಕೆಲಸದಲ್ಲಿರುವವರು ಎಚ್‌ಆರ್ ಬಳಿ ಒಂದು ಮಾತು ಕೇಳಿ. ಬೆಂಗಳೂರಿನ ಬಹಳಷ್ಟು ಐಟಿ ಕಂಪನಿಗಳು ನೌಕರರಿಗೆ ಕೆಲವು ಸೆಷನ್ ಉಚಿತವಾಗಿ ಕೊಡುತ್ತವೆ. ಕಾರಣ ಹೇಳಬೇಕಾಗಿಲ್ಲ. ಅದರ ನಂಬರ್ ಎಲ್ಲಿ ಸಿಗುತ್ತದೆ ಎಂದಷ್ಟೇ ಕೇಳಿದರೆ ಸಾಕು. ಆರೋಗ್ಯ ವಿಮೆ ಇದ್ದರೆ ಅದನ್ನೂ ನೋಡಿ. ದೇಹದ ಕಾಯಿಲೆಗೆ ಕೊಡುವ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಇರಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಆದರೆ ಎಷ್ಟೋ ಪಾಲಿಸಿಗಳು ಅಡ್ಮಿಟ್ ಆದರೆ ಮಾತ್ರ ಹಣ ಕೊಡುತ್ತವೆ. ಒಪಿಡಿ ಖರ್ಚು ಸೇರಿದೆಯೇ ಎಂದು ಓದಿ ನೋಡಿ.

ಹೆಜ್ಜೆ 4: ಸರಿಯಾದ ವ್ಯಕ್ತಿಯನ್ನು ಆರಿಸಿ

ಅವಸರ ಮಾಡಬಾರದ ಹೆಜ್ಜೆ ಇದೊಂದೇ.

ಮೊದಲು ಯಾರು ಏನು ಎಂದು ತಿಳಿದಿರಲಿ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಕೀಯ ಓದಿದ ಡಾಕ್ಟರು. ಔಷಧಿ ಬರೆಯುವವರು ಅವರು. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಆನ್‌ಲೈನ್‌ನಲ್ಲೂ ಬರೆಯಬಹುದು, ಆದರೆ ಕೆಲವು ಮಾತ್ರೆಗಳಿಗೆ ಮಿತಿ ಇದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ, ನೋಂದಾಯಿಸಿರಬೇಕು. ಅವರಿಗೆ ಸಿಆರ್‌ಆರ್ ನಂಬರ್ ಇರುತ್ತದೆ. ಅದನ್ನು ಕೇಳುವುದರಲ್ಲಿ ಸಂಕೋಚ ಬೇಡ, ಆರ್‌ಸಿಐ ವೆಬ್‌ಸೈಟಿನಲ್ಲಿ ಹುಡುಕಿ ನೋಡಬಹುದು. ಆಪ್ತಸಮಾಲೋಚಕರಲ್ಲಿ ತುಂಬ ಒಳ್ಳೆಯವರಿದ್ದಾರೆ. ಆದರೆ ವಾರಾಂತ್ಯದ ಕೋರ್ಸ್ ಮಾಡಿ ಬೋರ್ಡ್ ಹಾಕಿಕೊಂಡವರೂ ಅದೇ ಹೆಸರಿನಲ್ಲಿದ್ದಾರೆ. ಹಾಗಾಗಿ ಎಲ್ಲಿ ಓದಿದರು, ಯಾರ ಮಾರ್ಗದರ್ಶನದಲ್ಲಿ ಕೆಲಸ ಮಾಡಿದರು ಎಂದು ಕೇಳಲೇಬೇಕು.

ಹೆಚ್ಚಿನವರು ಮೊದಲು 10–15 ನಿಮಿಷ ಫೋನಿನಲ್ಲಿ ಮಾತಾಡಲು ಒಪ್ಪುತ್ತಾರೆ. ಆಗ ನಾನು ಕೇಳಿಸುವ ಪ್ರಶ್ನೆಗಳು ಇವು. ಇತ್ತೀಚಿನ ಆಘಾತದಿಂದ ಬಂದವರ ಜೊತೆ ಕೆಲಸ ಮಾಡಿದ್ದೀರಾ? ಯಾವ ವಿಧಾನ ಬಳಸುತ್ತೀರಿ, ಅದರಲ್ಲಿ ತರಬೇತಿ ಆಗಿದೆಯೇ? ಸೆಷನ್ ಮಧ್ಯೆ ನಾನು ತುಂಬ ಗಾಬರಿಯಾದರೆ ಏನು ಮಾಡುತ್ತೀರಿ? ಕಾಲ್ ಕಟ್ ಆದರೆ? ಎರಡು ಸೆಷನ್ ನಡುವೆ ಕಷ್ಟವಾದರೆ ಮೆಸೇಜ್ ಮಾಡಬಹುದೇ?

ಮೂರನೇ ಪ್ರಶ್ನೆಗೆ ಬರುವ ಉತ್ತರವನ್ನು ಕಿವಿಗೊಟ್ಟು ಕೇಳಿ. "ಮೊದಲು ನಿಮ್ಮನ್ನು ಸಮಾಧಾನ ಮಾಡಿಕೊಳ್ಳುವ ದಾರಿ ಕಲಿಸಿ, ಆಮೇಲೆ ನಿಧಾನವಾಗಿ ಹೋಗೋಣ" ಎಂಬ ಅರ್ಥದ ಮಾತು ಬಂದರೆ ನಂಬಬಹುದು. "ಎರಡೇ ಸೆಷನ್‌ನಲ್ಲಿ ಎಲ್ಲ ಅಳಿಸಿಹಾಕುತ್ತೇನೆ" ಅಂದವರಿಂದ, ಇಪ್ಪತ್ತು ಸೆಷನ್ ದುಡ್ಡನ್ನು ಮುಂಗಡ ಕೇಳುವವರಿಂದ ದೂರ ಇರಿ. ಖಾಸಗಿಯಾಗಿ ಒಂದು ಸೆಷನ್‌ಗೆ ಬೆಂಗಳೂರಿನಲ್ಲಿ ಸಾವಿರದಿಂದ ಮೂರು ಸಾವಿರ ರೂಪಾಯಿ ಹೇಳುವುದು ಸಾಮಾನ್ಯ. ಕೈಲಾಗದವರಿಗೆ ಕಡಿಮೆ ಮಾಡುವವರೂ ಇದ್ದಾರೆ, ಬಾಯಿಬಿಟ್ಟು ಕೇಳಬೇಕು ಅಷ್ಟೇ.

ಭಾಷೆಯ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯವಿದೆ. ನಾನು ಆಫೀಸಿನಲ್ಲಿ ದಿನವಿಡೀ ಇಂಗ್ಲಿಷ್ ಮಾತಾಡುತ್ತೇನೆ. ಆದರೂ ಆ ಸಂಕಟ ಇಂಗ್ಲಿಷಿನಲ್ಲಿ ಬರಲಿಲ್ಲ. 'ಜೀವ ಝಲ್ ಅಂತು', 'ಹೊಟ್ಟೇಲಿ ಕಲಸಿದ ಹಾಗೆ', 'ಎದೆ ಮೇಲೆ ಕಲ್ಲು ಇಟ್ಟ ಹಾಗೆ', ಇದನ್ನು ಬೇರೆ ಭಾಷೆಗೆ ತಿರುಗಿಸುವ ಹೊತ್ತಿಗೆ ಹೇಳಬೇಕಾದದ್ದು ಆರಿ ಹೋಗಿರುತ್ತದೆ. ಮನೆಯಲ್ಲಿ ತುಳುವೋ ಉರ್ದುವೋ ತೆಲುಗೋ ಆಡುವವರು ಆ ಭಾಷೆಯವರನ್ನು ಹುಡುಕಿ. ಬೆಂಗಳೂರಿನಲ್ಲಿ ಸಿಗುತ್ತಾರೆ. ಆನ್‌ಲೈನ್ ಆದ್ದರಿಂದ ಮಂಗಳೂರಿನಲ್ಲೋ ಧಾರವಾಡದಲ್ಲೋ ಕೂತವರೂ ಆಗಬಹುದು.

ಹೆಂಗಸರೇ ಬೇಕು, ಗಂಡಸರೇ ಬೇಕು ಅನ್ನಿಸಿದರೆ ಹೇಳಿ. ಲೈಂಗಿಕ ಹಿಂಸೆ ಅನುಭವಿಸಿದವರಿಗೆ ಇದು ಎಷ್ಟು ಮುಖ್ಯ ಎಂದು ಒಳ್ಳೆಯ ಥೆರಪಿಸ್ಟ್‌ಗೆ ಗೊತ್ತಿರುತ್ತದೆ, ಕಾರಣ ಕೇಳುವುದಿಲ್ಲ.

ಹೆಜ್ಜೆ 5: ಕೂರಲು ಒಂದು ಜಾಗ

ಬೆಂಗಳೂರಿನ ಮನೆಗಳಲ್ಲಿ ಗುಟ್ಟಾಗಿ ಮಾತಾಡುವ ಮೂಲೆ ಸಿಗುವುದೇ ಕಷ್ಟ. ಒಂದು ಬೆಡ್‌ರೂಮ್ ಮನೆ, ಹಾಲ್‌ನಲ್ಲಿ ಅತ್ತೆ ಮಾವ, ಗೋಡೆಯಾಚೆ ಓನರ್. ಪಿಜಿ ಆದರೆ ಒಂದೇ ರೂಮಿನಲ್ಲಿ ಮೂರು ಮಂಚ. ಇದಕ್ಕೆ ಹೆದರಿಯೇ ಎಷ್ಟೋ ಜನ ಥೆರಪಿ ಶುರು ಮಾಡುವುದಿಲ್ಲ.

ಮನೆ ಖಾಲಿ ಇರುವ ಹೊತ್ತನ್ನು ಹುಡುಕಿ. ನಮ್ಮ ಮನೆಯಲ್ಲಿ ಅದು ಬೆಳಿಗ್ಗೆ ಹತ್ತೂವರೆ, ಅತ್ತೆ ತರಕಾರಿಗೆ ಹೋದಾಗ. ಅದೇ ಹೊತ್ತನ್ನು ಪ್ರತಿ ವಾರ ಕಾಯ್ದಿರಿಸಿದೆ. ರೂಮಿನ ಹೊರಗೆ, ಬಾಗಿಲ ಹತ್ತಿರ, ಟೇಬಲ್ ಫ್ಯಾನ್ ಹಾಕಿಟ್ಟರೆ ಮಾತು ಆಚೆ ಕೇಳುವುದಿಲ್ಲ. ಇಯರ್‌ಫೋನ್ ಹಾಕಿಕೊಳ್ಳಿ. ನಿಮ್ಮ ಕಡೆಯ ಮಾತು ಮಾತ್ರ ಹೊರಗೆ ಹೋದರೆ ಯಾರಿಗೂ ತಲೆಬುಡ ತಿಳಿಯುವುದಿಲ್ಲ. ಪಿಜಿಯವರು ಗೆಳೆಯರ ಮನೆ ಕೇಳಬಹುದು, ಆಫೀಸಿನ ಮೀಟಿಂಗ್ ರೂಮ್ ಬುಕ್ ಮಾಡಬಹುದು. ನಿಲ್ಲಿಸಿದ ಕಾರಿನಲ್ಲಿ ಕೂತು ಮಾಡುವವರು ತುಂಬ ಜನ. ಆದರೆ ರಸ್ತೆಯಲ್ಲೇ ಆಘಾತವಾದವರಿಗೆ ಕಾರು ಬೇಡ. ಓಡಿಸುತ್ತಾ ಅಂತೂ ಯಾರೂ ಮಾಡಕೂಡದು. ಕಬ್ಬನ್ ಪಾರ್ಕಿನ ಬೆಂಚು ಸಾಧಾರಣ ಮಾತಿಗೆ ಚೆನ್ನ, ಅಳು ಬರುವ ದಿನಕ್ಕೆ ಚೆನ್ನಲ್ಲ.

ಪಕ್ಕದಲ್ಲಿ ಇಟ್ಟುಕೊಳ್ಳಬೇಕಾದವು: ಒಂದು ಚೊಂಬು ನೀರು, ಕರವಸ್ತ್ರ, ಹೊದೆಯಲು ಶಾಲು, ಕೈಗೆ ಹಿಡಿಯಲು ಏನಾದರೂ. ನಾನು ಅಜ್ಜಿಯ ಹಿತ್ತಾಳೆ ಅಡಿಕೆ ಡಬ್ಬಿ ಹಿಡಿದು ಕೂರುತ್ತಿದ್ದೆ. ಅದರ ತಣ್ಣನೆಯ ಭಾರ ನನ್ನನ್ನು ಇವತ್ತಿಗೆ ಎಳೆದು ತರುತ್ತಿತ್ತು.

ಕರೆಂಟು ಹೋದರೆ ವೈಫೈ ಹೋಗುತ್ತದೆ. ಮೊಬೈಲ್ ಡೇಟಾ ಇರಲಿ, ಫೋನ್ ಚಾರ್ಜ್ ತುಂಬಿರಲಿ. ಕಾಲ್ ಕಟ್ ಆದರೆ ಯಾರು ಯಾರಿಗೆ ಫೋನ್ ಮಾಡಬೇಕು ಎಂದು ಮೊದಲೇ ಮಾತಾಡಿಕೊಳ್ಳಿ. ಕಷ್ಟದ ನೆನಪಿನ ನಡುವೆ ಸ್ಕ್ರೀನ್ ನಿಂತುಬಿಟ್ಟರೆ ಕೈಬಿಟ್ಟ ಹಾಗೆ ಆಗುತ್ತದೆ. "ಎರಡು ನಿಮಿಷದೊಳಗೆ ನಾನೇ ಫೋನ್ ಮಾಡ್ತೀನಿ" ಎಂಬ ಒಂದು ಮಾತು ಇದ್ದರೆ ಆ ಭಯ ಹುಟ್ಟುವುದಿಲ್ಲ.

ಹೆಜ್ಜೆ 6: ಮೊದಲ ಸೆಷನ್

ನಿಮ್ಮ ವಿಳಾಸ, ಹತ್ತಿರದ ಒಬ್ಬರ ಫೋನ್ ನಂಬರ್ ಕೇಳುತ್ತಾರೆ. ಕೊಡಿ. ನೀವು ದೂರದಲ್ಲಿರುವುದರಿಂದ, ತುರ್ತು ಬಂದರೆ ನೆರವು ಕಳಿಸಲು ಅವರಿಗಿರುವ ದಾರಿ ಅದೊಂದೇ. ಕೇಳದಿದ್ದರೆ ನೀವೇ ಹೇಳಿ.

ಗುಟ್ಟಿನ ಬಗ್ಗೆ ನೀವು ಕೇಳಿ. ನೀವು ಹೇಳಿದ್ದು ಅವರಲ್ಲೇ ಇರಬೇಕು ಎಂಬುದು ಕಾನೂನು. ನಿಮ್ಮ ಜೀವಕ್ಕೋ ಬೇರೆಯವರ ಜೀವಕ್ಕೋ ಅಪಾಯವಿದ್ದರೆ ಮಾತ್ರ ಅವರು ಹೊರಗೆ ಹೇಳಬೇಕಾಗಬಹುದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಸೆಷನ್ ರೆಕಾರ್ಡ್ ಆಗುತ್ತದೆಯೇ ಎಂದೂ ಕೇಳಿ. ನಿಮ್ಮ ಒಪ್ಪಿಗೆ ಇಲ್ಲದೆ ಆಗಬಾರದು.

ನಡೆದದ್ದನ್ನು ಪೂರ್ತಿ ಹೇಳಬೇಕಾಗಿಲ್ಲ. ಇದನ್ನು ಎರಡು ಸಲ ಓದಿಕೊಳ್ಳಿ. "ಜೂನ್‌ನಲ್ಲಿ ಒಂದು ಅಪಘಾತ ಆಯಿತು, ವಿವರ ಆಮೇಲೆ ಹೇಳುತ್ತೇನೆ" ಎಂಬ ಒಂದೇ ವಾಕ್ಯ ಸಾಕು. ಈಗ ನಿದ್ದೆ ಹೇಗಿದೆ, ಯಾವ ಸದ್ದಿಗೆ ಬೆಚ್ಚುತ್ತೀರಿ, ಯಾವ ಕೆಲಸ ಬಿಟ್ಟುಬಿಟ್ಟಿದ್ದೀರಿ, ಇದರ ಬಗ್ಗೆ ಮಾತಾಡಿ. ಮೊದಲೇ ಒಂದು ಸನ್ನೆ ಒಪ್ಪಿಕೊಳ್ಳಿ. ನಾನು ಕೈ ಎತ್ತಿದರೆ ಥೆರಪಿಸ್ಟ್ ಮಾತು ನಿಲ್ಲಿಸುತ್ತಿದ್ದರು. ಮೂರು ತಿಂಗಳಲ್ಲಿ ಎರಡೇ ಸಲ ಕೈ ಎತ್ತಿದೆ. ಎತ್ತಬಹುದು ಎಂಬ ಧೈರ್ಯವೇ ದೊಡ್ಡದಾಗಿತ್ತು.

ನಿಮ್ಮ ಮುಖ ನಿಮಗೇ ಸ್ಕ್ರೀನಿನಲ್ಲಿ ಕಾಣುವುದು ಕೆಲವರಿಗೆ ಹಿಂಸೆ. ಅದನ್ನು ಮರೆಮಾಡುವ ಆಯ್ಕೆ ಇರುತ್ತದೆ. ಥೆರಪಿಸ್ಟ್‌ಗೆ ನಿಮ್ಮ ಮುಖ, ಭುಜ, ಕೈ ಕಾಣುವ ಹಾಗೆ ಫೋನ್ ಇಡಿ. ಉಸಿರು ಬಿಗಿಯಾದದ್ದು, ಕೈ ಮುದುರಿದ್ದು ಅವರಿಗೆ ಕಾಣಬೇಕು.

ಹೆಜ್ಜೆ 7: ನೆಲಕ್ಕೆ ಬರುವ ಅಭ್ಯಾಸ

ಮೊದಲ ಕೆಲವು ಸೆಷನ್ ಇದಕ್ಕೇ ಹೋಗಬೇಕು. ನೆನಪು ನುಗ್ಗಿದಾಗ ಮೈಮನಸ್ಸನ್ನು ಈ ಕ್ಷಣಕ್ಕೆ ತರುವ ಸಣ್ಣ ಸಣ್ಣ ಅಭ್ಯಾಸಗಳು ಇವು. ಥೆರಪಿಸ್ಟ್ ಸಿಗುವ ಮೊದಲೇ ನೀವು ಶುರು ಮಾಡಬಹುದು.

ಎರಡೂ ಪಾದ ನೆಲಕ್ಕೆ ಊರಿ. ಕಾಣುವ 5 ವಸ್ತು, ಮುಟ್ಟಬಹುದಾದ 4, ಕೇಳುವ 3 ಸದ್ದು, 2 ವಾಸನೆ, 1 ರುಚಿ, ಹೀಗೆ ಬಾಯಿಬಿಟ್ಟು ಹೇಳಿ. ನಮ್ಮ ಮನೆಗಳಲ್ಲಿ ವಾಸನೆಗೆ ಬರವಿಲ್ಲ. ಕಾಫಿ ಪುಡಿ ಡಬ್ಬಿ, ಮಲ್ಲಿಗೆ, ಒಗ್ಗರಣೆಯ ಇಂಗು. ಬಿಸಿ ಕಾಫಿಯ ಸ್ಟೀಲ್ ಲೋಟ ಎರಡೂ ಕೈಯಲ್ಲಿ ಹಿಡಿದರೆ ಅರ್ಧ ಕೆಲಸ ಆಯಿತು. ಉಸಿರು ಎಳೆದದ್ದಕ್ಕಿಂತ ಬಿಡುವುದು ನಿಧಾನವಾಗಿರಲಿ. ಕಣ್ಣು ಮುಚ್ಚಿ ಧ್ಯಾನ ಮಾಡಿ ಎಂದು ಹಲವರು ಹೇಳುತ್ತಾರೆ. ಇತ್ತೀಚಿನ ಆಘಾತದಲ್ಲಿ ಕಣ್ಣು ಮುಚ್ಚಿದರೆ ದೃಶ್ಯ ನುಗ್ಗಬಹುದು. ಕಣ್ಣು ತೆರೆದೇ ಮಾಡಿ, ಏನೂ ಕಡಿಮೆಯಾಗುವುದಿಲ್ಲ.

ಎದೆಯ ಮೇಲೆ ಕೈಗಳನ್ನು ಅಡ್ಡ ಇಟ್ಟು, ಎಡ ಬಲ ಎಂದು ಮೆಲ್ಲಗೆ ತಟ್ಟಿಕೊಳ್ಳುವ 'ಚಿಟ್ಟೆ ಅಪ್ಪುಗೆ' ಒಂದಿದೆ. ಮೆಕ್ಸಿಕೊದಲ್ಲಿ ಚಂಡಮಾರುತದಿಂದ ಬದುಕಿ ಬಂದ ಮಕ್ಕಳ ಜೊತೆ ಕೆಲಸ ಮಾಡುವಾಗ 1998ರಲ್ಲಿ ಇದು ಹುಟ್ಟಿತು. ನನ್ನ ಮಗ ಇದನ್ನು ನೋಡಿ ಕಲಿತು, ಪರೀಕ್ಷೆಯ ಬೆಳಿಗ್ಗೆ ಮಾಡುತ್ತಾನೆ.

ಹೆಜ್ಜೆ 8: ನೆನಪಿನ ಕೆಲಸ

ತಿಂಗಳು ದಾಟಿದರೂ ಲಕ್ಷಣ ಉಳಿದಿದ್ದರೆ, ಸುಮ್ನೆ ಮಾತಾಡಿ ಎದ್ದು ಬರುವ ಸೆಷನ್‌ಗಳಲ್ಲೇ ತಿಂಗಳುಗಟ್ಟಲೆ ಕಳೆಯಬೇಡಿ. ಆಘಾತಕ್ಕೆಂದೇ ರೂಪಿಸಿದ ವಿಧಾನಗಳಿವೆ. ಯೋಚನೆ, ನಡವಳಿಕೆಯ ಮೇಲೆ ಕೆಲಸ ಮಾಡುವ ಥೆರಪಿಗೆ ಸಿಬಿಟಿ ಎನ್ನುತ್ತಾರೆ. ಆಘಾತ ಕೇಂದ್ರಿತ ಸಿಬಿಟಿಯಲ್ಲಿ "ನನ್ನದೇ ತಪ್ಪು", "ಇನ್ನು ಎಲ್ಲೂ ಕ್ಷೇಮವಿಲ್ಲ" ಎಂಬಂಥ ಯೋಚನೆಗಳನ್ನು ತೂಗಿ ನೋಡುತ್ತೀರಿ, ದೂರವಿಟ್ಟದ್ದರ ಹತ್ತಿರ ಮೆಲ್ಲಗೆ ಹೋಗುತ್ತೀರಿ. ಸಾಮಾನ್ಯವಾಗಿ 8ರಿಂದ 12 ಸೆಷನ್ ಬೇಕಾಗುತ್ತದೆ. ಇಎಂಡಿಆರ್ ಇನ್ನೊಂದು. 1987ರಲ್ಲಿ ಫ್ರಾನ್ಸಿನ್ ಶಪಿರೊ ಅವರು ಶುರು ಮಾಡಿದ್ದು. ನೆನಪನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಕಣ್ಣನ್ನು ಎಡಕ್ಕೆ ಬಲಕ್ಕೆ ಆಡಿಸುತ್ತೀರಿ. ಆನ್‌ಲೈನ್‌ನಲ್ಲಿ ಸ್ಕ್ರೀನಿನ ಚುಕ್ಕಿ ನೋಡುವುದೋ ಭುಜ ತಟ್ಟಿಕೊಳ್ಳುವುದೋ ಮಾಡಿಸುತ್ತಾರೆ. ಇದನ್ನು ಯೂಟ್ಯೂಬ್ ನೋಡಿ ಒಬ್ಬರೇ ಮಾಡಬೇಡಿ.

ಮನೆಯಲ್ಲೇ ಕೂತು ಥೆರಪಿ ಮಾಡುವುದರಲ್ಲಿ ಒಂದು ಮೋಸವೂ ಇದೆ. ಆಘಾತವಾದವರಿಗೆ ಹೊರಗೆ ಹೋಗದಿರುವುದೇ ಹಿತ. ಆನ್‌ಲೈನ್ ಅದಕ್ಕೆ ಸಲೀಸಾಗಿ ನೆಪ ಕೊಡುತ್ತದೆ. ಊಟ ಬಾಗಿಲಿಗೆ, ಆಫೀಸ್ ಲ್ಯಾಪ್‌ಟಾಪ್‌ಗೆ, ಥೆರಪಿಯೂ ಫೋನಿಗೆ. ನನ್ನ ಥೆರಪಿಸ್ಟ್ ಇದನ್ನು ಹಿಡಿದರು. ಐದನೇ ಸೆಷನ್‌ನಲ್ಲಿ ಒಂದು ಪಟ್ಟಿ ಮಾಡಿಸಿದರು, ಕಡಿಮೆ ಭಯದಿಂದ ಜಾಸ್ತಿ ಭಯದ ಕಡೆಗೆ. ಮೊದಲ ವಾರ ಸಂಜೆ ಗೇಟಿನಲ್ಲಿ ಹತ್ತು ನಿಮಿಷ ನಿಂತು ಗಾಡಿಗಳನ್ನು ನೋಡುವುದು. ಆಮೇಲೆ ತಿರುವಿನ ಹಾಲಿನ ಬೂತ್‌ವರೆಗೆ ನಡೆಯುವುದು. ಆಮೇಲೆ ಬಿಎಂಟಿಸಿಯಲ್ಲಿ ಮೂರು ಸ್ಟಾಪ್. ಗಂಡನ ಹಿಂದೆ ಸ್ಕೂಟರ್‌ನಲ್ಲಿ ಕೂರಲು ಒಂಬತ್ತು ವಾರ ಹಿಡಿಯಿತು. ಒಂದು ಮೆಟ್ಟಿಲಲ್ಲಿ ಭಯ ಅರ್ಧಕ್ಕೆ ಇಳಿಯುವ ತನಕ ಮುಂದಿನದಕ್ಕೆ ಹೋಗಲಿಲ್ಲ. ಬಿಎಂಟಿಸಿ ದಿನ ಅರ್ಧದಲ್ಲೇ ಇಳಿದು ಅತ್ತಿದ್ದೆ. ಮರುದಿನ ಅದೇ ಬಸ್ಸನ್ನು ಮತ್ತೆ ಹತ್ತಿದೆ.

ಈ ದಿನಗಳಲ್ಲಿ ಒಂದೆರಡು ವಾರ ಕನಸು ಜಾಸ್ತಿಯಾಗಬಹುದು. ಗಾಬರಿ ಬೇಡ, ಥೆರಪಿಸ್ಟ್‌ಗೆ ಹೇಳಿ. ಹೇಳಿದ ಮೇಲೂ ಅದೇ ವೇಗದಲ್ಲಿ ಎಳೆದರೆ, ವಾರಗಟ್ಟಲೆ ಇಳಿಯದೇ ಇದ್ದರೆ, ನಿಲ್ಲಿಸಿ ಬೇರೆಯವರನ್ನು ನೋಡಿ. ಅದಕ್ಕೆ ಕ್ಷಮೆ ಕೇಳಬೇಕಿಲ್ಲ. "ನನಗೆ ಹೊಂದುತ್ತಿಲ್ಲ, ಬೇರೆ ಯಾರನ್ನಾದರೂ ಸೂಚಿಸುತ್ತೀರಾ?" ಎಂದು ಮೆಸೇಜ್ ಹಾಕಿದರೆ ಸಾಕು.

ಹೆಜ್ಜೆ 9: ಸೆಷನ್ ಮುಗಿದ ಅರ್ಧ ಗಂಟೆ

ಆಸ್ಪತ್ರೆಗೆ ಹೋಗಿದ್ದರೆ ವಾಪಸ್ ಬರುವ ದಾರಿಯಲ್ಲಿ ಮನಸ್ಸು ಸ್ವಲ್ಪ ತಣಿಯುತ್ತದೆ. ಆನ್‌ಲೈನ್‌ನಲ್ಲಿ ಆ ದಾರಿಯೇ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿದರೆ ಎದುರಿಗೆ ಅಡುಗೆಮನೆ, ಇಲ್ಲವೇ ಆಫೀಸಿನ ಮೀಟಿಂಗ್. ನನ್ನ ಮೊದಲ ಸಲದ ಅನುಭವ ಅಷ್ಟು ಕೆಟ್ಟದಾಗಲು ಅರ್ಧ ಕಾರಣ ಇದೇ.

ಆದ್ದರಿಂದ ಮುಂದಿನ 30 ನಿಮಿಷ ಯಾವುದಕ್ಕೂ ಕೊಡಬೇಡಿ. ಮುಖ ತೊಳೆಯಿರಿ, ಬಟ್ಟೆ ಬದಲಿಸಿ, ತಾರಸಿಗೆ ಹೋಗಿ, ಸೊಪ್ಪು ಬಿಡಿಸಿ. ಕೈಗೆ ಕೆಲಸ, ತಲೆಗೆ ಬಿಡುವು. ರಾತ್ರಿ ಮಲಗುವ ಮುಂಚಿನ ಸ್ಲಾಟ್ ಎಂದೂ ತೆಗೆದುಕೊಳ್ಳಬೇಡಿ.

ಹೆಜ್ಜೆ 10: ಮನೆಯವರಿಗೆ ಏನು ಹೇಳಬೇಕು

ಎಲ್ಲ ಹೇಳಬೇಕಾಗಿಲ್ಲ, ಏನು ಮಾಡಬೇಕು ಎಂದಷ್ಟೇ ಹೇಳಿ. "ಹಿಂದಿನಿಂದ ಬಂದು ಮುಟ್ಟಬೇಡಿ, ಮೊದಲು ಕರೆಯಿರಿ." "ಹತ್ತೂವರೆಯಿಂದ ಹನ್ನೆರಡರ ತನಕ ಬಾಗಿಲು ಬಡಿಯಬೇಡಿ." "ಬಂದವರಿಗೆಲ್ಲ ಅಪಘಾತದ ಕಥೆ ಹೇಳಬೇಡಿ." "ಮರೆತುಬಿಡು" ಎಂದು ದಿನಕ್ಕೆ ಹತ್ತು ಸಲ ಹೇಳುವವರಿಗೆ, "ಅದಕ್ಕೇ ಚಿಕಿತ್ಸೆ ತಗೊಳ್ತಿದ್ದೀನಿ, ನೀವು ಜೊತೇಲಿ ಕೂತ್ಕೊಂಡ್ರೆ ಸಾಕು" ಎನ್ನಿ. ದೃಷ್ಟಿ ತೆಗೆಯುತ್ತೇವೆ, ತಾಯತ ಕಟ್ಟಿಸುತ್ತೇವೆ ಅಂದರೆ ನಾನು ಬೇಡ ಅನ್ನಲಿಲ್ಲ. ನಮ್ಮತ್ತೆಗೆ ಅದು ಪ್ರೀತಿ ತೋರಿಸುವ ಬಗೆ. ದೆವ್ವ ಬಿಡಿಸುತ್ತೇವೆಂದು ಹೊಡೆಯುವ, ಉಪವಾಸ ಕೆಡಹುವ ಜಾಗಕ್ಕೆ ಮಾತ್ರ ಯಾರೂ ಹೋಗಬಾರದು, ಕಳಿಸಬಾರದು.

ಹೆಜ್ಜೆ 11: ನಿಲ್ಲಿಸುವುದು, ವರ್ಷ ತುಂಬುವ ದಿನ

ನೆನಪು ಬಂದರೂ ಅದು ಹಳೆಯ ನೆನಪಾಗಿ ಬರುತ್ತಿದೆ, ನಿದ್ದೆ ಬಂದಿದೆ, ಬಿಟ್ಟ ಕೆಲಸ ಮತ್ತೆ ಹಿಡಿದಿದ್ದೀರಿ ಅನ್ನಿಸಿದಾಗ ಸೆಷನ್‌ಗಳ ನಡುವಿನ ಅಂತರ ಹೆಚ್ಚಿಸಿ. ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ. ಥಟ್ಟನೆ ಬಿಡಬೇಡಿ.

ಘಟನೆ ನಡೆದ ತಾರೀಕು ಹತ್ತಿರ ಬಂದಾಗ ಮೈ ಮತ್ತೆ ಬೆಚ್ಚಬಹುದು. ಆ ವಾರಕ್ಕೆ ಒಂದು ಸೆಷನ್ ಮೊದಲೇ ಇಟ್ಟುಕೊಳ್ಳಿ, ಆ ದಿನ ಏನು ಮಾಡಬೇಕು, ಜೊತೆಗೆ ಯಾರಿರಬೇಕು ಎಂದು ಮಾತಾಡಿಕೊಳ್ಳಿ. ನಾನು ಗೆಳತಿಯ ಜೊತೆ ಬೆಳಿಗ್ಗೆಯೇ ಬಸ್ಸಿನಲ್ಲಿ ಹೆಬ್ಬಾಳಕ್ಕೆ ಹೋದೆ. ಕೆರೆಯ ಬಳಿ ಸ್ವಲ್ಪ ಹೊತ್ತು ನಿಂತೆವು. ಹೋಟೆಲಲ್ಲಿ ಇಡ್ಲಿ ತಿಂದು, ಅದೇ ರಸ್ತೆಯಲ್ಲಿ ವಾಪಸ್ ಬಂದೆವು. ಹಾರ್ನ್‌ಗೆ ಒಂದು ಸಲ ಬೆಚ್ಚಿದೆ. ಗೆಳತಿ ಕೈ ಹಿಡಿದಳು. ಸಂಜೆ ಥೆರಪಿಸ್ಟ್‌ಗೆ ಇಷ್ಟನ್ನೇ ಹೇಳಿದೆ, ಮುಂದಿನ ಸೆಷನ್ ಆರು ತಿಂಗಳ ನಂತರಕ್ಕೆ ಇಟ್ಟೆವು.